ಹ್ಯಾಕಥಾನ್ ರೂಲ್ಸ್ ಯಾರೂ ಓದಲ್ಲ, ಜಗಳ ಮಾತ್ರ ಅಲ್ಲಿಂದಾನೇ ಶುರುವಾಗತ್ತೆ

ಹ್ಯಾಕಥಾನ್ ಅಂದ್ರೆ ಟೀಮುಗಳು ಒಂದೆರಡು ದಿನ ಒಂದೇ ಕಡೆ ಕೂತು ಹೊಸ ಸಾಫ್ಟ್‌ವೇರ್ ಮಾಡಿ ತೋರಿಸೋ ಸ್ಪರ್ಧೆ. ಹೋದ ವರ್ಷ ಒಂದು ಇಂಜಿನಿಯರಿಂಗ್ ಕಾಲೇಜಿನ ಹ್ಯಾಕಥಾನ್‌ಗೆ ಜಡ್ಜ್ ಆಗಿ ಹೋಗಿದ್ದೆ. ಕಾಲೇಜು ಯಾವ್ದು ಅನ್ನೋದು ಬೇಡ, ಎಲ್ಲಾ ಕಡೆ ನಡೆಯೋ ಕಥೇನೇ ಇದು. ಎರಡನೇ ದಿನ ಬೆಳಗ್ಗೆ, ಸೆಮಿನಾರ್ ಹಾಲ್ ತುಂಬ ಎಕ್ಸ್‌ಟೆನ್ಷನ್ ಬೋರ್ಡು, ಚಾರ್ಜರ್ ವೈರು, ಕಾಲಿಡೋಕೆ ಜಾಗ ಇಲ್ಲ, ಅರ್ಧ ಜನ ಬ್ಯಾಗ್ ಮೇಲೆ ತಲೆ ಇಟ್ಟು ಮಲಗಿದಾರೆ. ಒಂದು ಟೀಮಿನವ್ರು ಅಡಿಕೆ ಎಲೆಚುಕ್ಕಿ ರೋಗಾನ ಫೋಟೋ ನೋಡಿ ಗುರುತಿಸೋ ಆ್ಯಪ್ ತೋರಿಸಿದ್ರು. ತುಂಬಾ ಚೆನ್ನಾಗಿತ್ತು, ಕನ್ನಡದಲ್ಲೇ ಉತ್ತರ ಹೇಳ್ತಿತ್ತು. ನಾನು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸ್ಕೊಂಡು ಗಿಟ್ ಲಾಗ್ ತೆಗೆದೆ. ಯಾವ ಕೋಡ್ ಯಾವಾಗ ಸೇರ್ತು ಅನ್ನೋ ದಾಖಲೆ ಅದು, ಒಂದೊಂದು ಸಲ ಸೇರಿಸೋದಕ್ಕೂ ಕಮಿಟ್ ಅಂತಾರೆ. ಹ್ಯಾಕಥಾನ್ ಶುರುವಾಗಿದ್ದು ಹಿಂದಿನ ದಿನ ಬೆಳಗ್ಗೆ ಹತ್ತಕ್ಕೆ. ಮೊದಲ ಕಮಿಟ್ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಬಿದ್ದಿದೆ, ಅದೊಂದ್ರಲ್ಲೇ ಹದಿನಾಲ್ಕು ಸಾವಿರ ಲೈನು. ಆಮೇಲಿನ ಕಮಿಟ್‌ಗಳೆಲ್ಲ ಬಟನ್ ಬಣ್ಣ ಬದಲಾಯ್ಸಿದ್ದು, ಲೋಗೋ ಹಾಕಿದ್ದು, ಅಷ್ಟೇ.

"ಇಷ್ಟನ್ನೂ ಹನ್ನೆರಡು ನಿಮಿಷದಲ್ಲಿ ಬರೆದ್ರಾ?" ಅಂದೆ. ಟೀಮ್ ಲೀಡರ್ ಹುಡುಗ ತಡವರಿಸ್ಲಿಲ್ಲ. "ಇಲ್ಲ ಮೇಡಂ, ಇದು ನಮ್ಮ ಐದನೇ ಸೆಮ್ ಮಿನಿ ಪ್ರಾಜೆಕ್ಟು, ಇಲ್ಲಿಗೆ ಅಂತ ಇಂಪ್ರೂವ್ ಮಾಡಿದ್ವಿ. ಹಳೇದು ತರಬಾರ್ದು ಅಂತ ಎಲ್ಲೂ ಹೇಳಿರ್ಲಿಲ್ವಲ್ಲ?" ಅಂದ. ರಿಜಿಸ್ಟ್ರೇಷನ್ ಜೊತೆ ಕಳಿಸಿದ ಪಿಡಿಎಫ್‌ನ ನಾಲ್ಕನೇ ಪೇಜಲ್ಲಿ ಆ ರೂಲ್ ಇತ್ತು. ಆ ನಾಲ್ಕನೇ ಪೇಜಿಗೆ ಯಾರೂ ಹೋಗಿರ್ಲಿಲ್ಲ, ಆಮೇಲೆ ವಿಚಾರಿಸಿದ್ರೆ ಜಡ್ಜ್‌ಗಳಲ್ಲೂ ಒಬ್ಬರು ಓದಿರ್ಲಿಲ್ಲ.

ಮೋಸ ಮಾಡೋ ಮಕ್ಕಳಾಗಿದ್ರೆ ಹಾಗೆ ನೇರವಾಗಿ ಒಪ್ಕೊಳ್ತಿರ್ಲಿಲ್ಲ. ಅವತ್ತಿಂದ ನನಗೆ ಬಲವಾಗಿ ಅನ್ಸಿರೋದು ಏನಂದ್ರೆ, ಹ್ಯಾಕಥಾನ್ ರೂಲ್ ಎಷ್ಟೇ ಉದ್ದ ಇರ್ಲಿ, ಅದರ ತಿರುಳು ಒಂದೇ, ಮನೆಯಿಂದ ಏನು ತಂದ್ರಿ, ಇಲ್ಲಿ ಏನು ಮಾಡಿದ್ರಿ, ಯಾರು ಮಾಡಿದ್ರು, ಅದನ್ನ ಬಾಯ್ಬಿಟ್ಟು ಹೇಳಿ ಅನ್ನೋದು. ನಾನು ನೋಡಿರೋ ಜಗಳಗಳಲ್ಲಿ ಬಹುಪಾಲು ಇದನ್ನ ಹೇಳ್ದೇ ಇದ್ದಿದ್ರಿಂದ ಹುಟ್ಟಿದ್ದು.

ಶುರುನಲ್ಲಿ ರೂಲ್ಸೇ ಬೇಕಿರ್ಲಿಲ್ಲ. ಹ್ಯಾಕಥಾನ್ ಅನ್ನೋ ಹೆಸರು ಚಾಲ್ತಿಗೆ ಬಂದಿದ್ದು 1999ರ ಜೂನ್‌ನಲ್ಲಿ, ಕೆನಡಾದ ಕ್ಯಾಲ್ಗರಿಯಲ್ಲಿ ಓಪನ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮಿನ ಡೆವಲಪರ್‌ಗಳು ಹತ್ತು ಜನ ಒಟ್ಟಿಗೆ ಕೂತು ಕೋಡ್ ಬರೆದಾಗ. ಕೆನಡಾನೇ ಯಾಕೆ ಅಂದ್ರೆ ಆಗ ಅಮೆರಿಕದಲ್ಲಿ ಕ್ರಿಪ್ಟೋಗ್ರಫಿ, ಅಂದ್ರೆ ಮಾಹಿತೀನ ಗುಪ್ತಲಿಪಿ ಮಾಡೋ ಸಾಫ್ಟ್‌ವೇರ್ ರಫ್ತಿಗೆ ಬಿಗಿ ಕಾನೂನಿತ್ತು, ಅದರ ಕೈಗೆ ಸಿಗದ ಜಾಗ ಬೇಕಿತ್ತು. ಬಹುಮಾನ ಇಲ್ಲ, ಸ್ಟೇಜ್ ಇಲ್ಲ, ಬರೆದದ್ದು ಎಲ್ಲರಿಗೂ ಸೇರಿದ್ದು, ಹಾಗಾಗಿ ಯಾರು ಎಷ್ಟು ಬರೆದ್ರು ಅಂತ ಯಾರಿಗೂ ಲೆಕ್ಕ ಬೇಕಿರ್ಲಿಲ್ಲ. ದುಡ್ಡು ಬಂದ್ಮೇಲೆ ಲೆಕ್ಕಾನೂ ಬಂತು. 2013ರಲ್ಲಿ ಸೇಲ್ಸ್‌ಫೋರ್ಸ್ ಕಂಪನಿ 10 ಲಕ್ಷ ಡಾಲರ್ ಬಹುಮಾನದ ಹ್ಯಾಕಥಾನ್ ಮಾಡ್ತು, ಗೆದ್ದ ಟೀಮಿನ ಆ್ಯಪನ್ನ ಅದಕ್ಕೂ ಮುಂಚೆನೇ ಬೇರೆ ಕಡೆ ಡೆಮೋ ಕೊಟ್ಟಿದ್ರು ಅಂತ ದೊಡ್ಡ ಗಲಾಟೆ ಆಯ್ತು, ಕೊನೆಗೆ ಕಂಪನಿ ಅದನ್ನ ಟೈ ಅಂತ ಘೋಷಿಸಿ ಎರಡನೇ ಟೀಮಿಗೂ 10 ಲಕ್ಷ ಡಾಲರ್ ಕೊಟ್ಟು ಮುಗಿಸ್ತು. ಹಳೇ ಕೋಡ್ ಎಷ್ಟರ ಮಟ್ಟಿಗೆ ನಡೆಯತ್ತೆ ಅನ್ನೋದನ್ನ ಯಾರಿಗೂ ಎರಡು ಅರ್ಥ ಬರದ ಹಾಗೆ ಮೊದಲೇ ಬರೆದಿಡದೇ ಇದ್ರೆ ಎಷ್ಟು ದುಬಾರಿ ಆಗತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಹೊಸ ಕೋಡ್ ಅಂದ್ರೆ ಏನು ಅನ್ನೋದ್ರಲ್ಲೇ ಸ್ಟೂಡೆಂಟ್ಸ್‌ಗೆ ತುಂಬಾ ಗೊಂದಲ ಇದೆ. ಕಾಲೇಜು ಹ್ಯಾಕಥಾನ್‌ಗಳಲ್ಲಿ ಹೆಚ್ಚು ಕಾಪಿ ಆಗೋದು ಮೇಜರ್ ಲೀಗ್ ಹ್ಯಾಕಿಂಗ್ ಅನ್ನೋ ಅಮೆರಿಕದ ಸಂಸ್ಥೆಯ ರೂಲ್ಸು. ಅದು ಹೇಳೋದು ಇಷ್ಟು: ಟೀಮಲ್ಲಿ ಜಾಸ್ತಿ ಅಂದ್ರೆ ನಾಲ್ಕು ಜನ, ಐಡಿಯಾ ಹಳೇದಿದ್ರೂ ನಡೆಯತ್ತೆ, ಆದ್ರೆ ಕೋಡ್ ಹಳೇದಿರಬಾರ್ದು, ಓಪನ್ ಸೋರ್ಸ್ ಲೈಬ್ರರಿ ಫ್ರೇಮ್‌ವರ್ಕ್, ಅಂದ್ರೆ ಬೇರೆಯವ್ರು ಬರೆದು ಎಲ್ಲರಿಗೂ ಬಿಟ್ಟಿರೋ ಸಿದ್ಧ ಕೋಡ್, ಎಲ್ಲಾ ಬಳಸಬಹುದು. ಅಂದ್ರೆ ರಿಯಾಕ್ಟ್ ಥರದ ಲೈಬ್ರರಿ ಹಾಕ್ಕೊಂಡ್ರೆ ತಪ್ಪಿಲ್ಲ, ಪೇಪರ್ ಮೇಲೆ ಸ್ಕ್ರೀನ್ ಬರ್ಕೊಂಡು ಹೋದ್ರೂ ತಪ್ಪಿಲ್ಲ, ನಿಮ್ಮದೇ ಮಿನಿ ಪ್ರಾಜೆಕ್ಟಿನ ಲಾಗಿನ್ ಪೇಜ್ ಎತ್ಕೊಂಡು ಬಂದ್ರೆ ತಪ್ಪು, ಯಾಕಂದ್ರೆ ಪಕ್ಕದ ಟೀಮು ಅದೇ ಲಾಗಿನ್ ಪೇಜಿಗೆ ಮೂರು ಗಂಟೆ ಕಳೀತಿರತ್ತೆ. ಇದು ಎಲ್ಲಾ ಕಡೆ ಒಂದೇ ಥರ ಇರಲ್ಲ ಅನ್ನೋದೂ ನೆನಪಿರ್ಲಿ. ಕೇಂದ್ರ ಸರ್ಕಾರದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಮೊದಲು ಕಾಲೇಜು ಮಟ್ಟದ ಸುತ್ತು, ಆಮೇಲೆ ಐಡಿಯಾ ಸಬ್ಮಿಷನ್, ಆಮೇಲೆ ಫಿನಾಲೆ, ಹಾಗಾಗಿ ತಿಂಗಳುಗಟ್ಟಲೆ ತಯಾರಿ ಇದ್ದೇ ಇರತ್ತೆ, ಸಾಫ್ಟ್‌ವೇರ್ ಫಿನಾಲೆ ಮಾತ್ರ ಸತತ 36 ಗಂಟೆ. ಟೀಮಿನ ಆರೂ ಜನ ಒಂದೇ ಕಾಲೇಜಿನವ್ರಾಗಿರ್ಬೇಕು, ಪಕ್ಕದ ಕಾಲೇಜಿನ ಫ್ರೆಂಡನ್ನ ಸೇರಿಸ್ಕೊಳ್ಳೋಕಾಗಲ್ಲ. ಅಲ್ಲಿ ಆಡಿದ ಹಾಗೇ ಇಲ್ಲೂ ಆಡ್ತೀನಿ ಅಂತ ಬಂದ್ರೆ ಎಡವೋದು ಗ್ಯಾರಂಟಿ.

ಬ್ಲಾಕ್‌ಚೈನ್ ಹ್ಯಾಕಥಾನ್‌ಗಳನ್ನ ನಡೆಸೋ ಇಟಿಎಚ್‌ಗ್ಲೋಬಲ್ ಸಂಸ್ಥೆ ಇನ್ನೂ ಸ್ಟ್ರಿಕ್ಟು, ಕಮಿಟ್ ಹಿಸ್ಟರಿ ಇಲ್ದೆ ಒಂದೇ ದೊಡ್ಡ ಕಮಿಟ್ ಹಾಕಿದ್ರೆ ಅದನ್ನ ಅನುಮಾನದಿಂದಾನೇ ನೋಡ್ತಾರೆ. ನಾನು ಸ್ಟೂಡೆಂಟ್ಸ್‌ಗೆ ಹೇಳೋದೂ ಅದನ್ನೇ, ಅರ್ಧ ಗಂಟೆಗೊಂದು ಕಮಿಟ್ ಹಾಕ್ತಾ ಇರಿ, ಕೋಡ್ ಅರೆಬರೆ ಇದ್ರೂ ಪರ್ವಾಗಿಲ್ಲ, ಕೆಲಸ ನಡೀತಿದ್ದಿದ್ದಕ್ಕೆ ಅದೇ ಸಾಕ್ಷಿ. ಗಿಟ್‌ನಲ್ಲಿ ತಾರೀಖು ತಿದ್ದೋದು ಕಷ್ಟ ಅಲ್ಲ ಅಂತ ಜಡ್ಜ್‌ಗಳಿಗೂ ಗೊತ್ತಿರ್ಬೇಕು, ಅದಕ್ಕೇ ನಾನು ಲಾಗ್ ಒಂದನ್ನೇ ನಂಬಲ್ಲ. "ಈ ಲಿಸ್ಟನ್ನ ತಾಲ್ಲೂಕು ಪ್ರಕಾರ ತೋರ್ಸಿ ನೋಡೋಣ" ಅಂತ ಅಲ್ಲೇ ಒಂದು ಸಣ್ಣ ಬದಲಾವಣೆ ಕೇಳ್ತೀನಿ. ಬರೆದವ್ರಿಗೆ ಹತ್ತು ನಿಮಿಷದ ಕೆಲಸ ಅದು. ತಂದವ್ರಿಗೆ ಯಾವ ಫೈಲ್ ತೆಗೀಬೇಕು ಅಂತಾನೇ ಗೊತ್ತಾಗಲ್ಲ.

ಈಗ ದೊಡ್ಡ ತಲೆನೋವು ಎಐ. 2025ರ ಫೆಬ್ರವರಿಲಿ ಎಐ ಸಂಶೋಧಕ ಆಂಡ್ರೆ ಕಾರ್ಪಥಿ ವೈಬ್ ಕೋಡಿಂಗ್ ಅಂತ ಒಂದು ಮಾತು ಹೇಳಿದ್ರು, ಕೋಡನ್ನ ನೋಡದೇನೇ ಎಐಗೆ ಹೇಳ್ತಾ ಹೇಳ್ತಾ ಸಾಫ್ಟ್‌ವೇರ್ ಮಾಡೋದು. ಈಗ ಫಸ್ಟ್ ಇಯರ್ ಹುಡುಗರೂ ಅದನ್ನೇ ಮಾಡ್ತಿದಾರೆ. 36 ಗಂಟೆ ಅನ್ನೋ ಲೆಕ್ಕಾನೇ ಇದರಿಂದ ತಲೆಕೆಳಗಾಗಿದೆ, ಯಾಕಂದ್ರೆ ಹೊಸ ಕೋಡ್ ರೂಲ್ ಇದ್ದಿದ್ದು ಕೋಡ್ ಬರೆಯೋಕೆ ಟೈಮ್ ಹಿಡಿಯತ್ತೆ ಅನ್ನೋ ಆಧಾರದ ಮೇಲೆ, ಈಗ ಹದಿನಾಲ್ಕು ಸಾವಿರ ಲೈನು ಒಂದು ಮಧ್ಯಾಹ್ನದಲ್ಲಿ ಬರತ್ತೆ, ಕಾನೂನುಬದ್ಧವಾಗೇ ಬರತ್ತೆ. ಕೆಲವು ಕಾಲೇಜುಗಳು ಎಐ ಪೂರ್ತಿ ನಿಷೇಧ ಅಂತ ಬರೀತಾವೆ. ನನ್ನ ಪ್ರಕಾರ ಅದು ತಪ್ಪು ನಿರ್ಧಾರ. ಹಿಡಿಯೋಕೆ ದಾರಿ ಇಲ್ಲದ ರೂಲ್ ಮಾಡಿದ್ರೆ ರೂಲ್ ಪಾಲಿಸಿದವ್ನು ಸೋಲ್ತಾನೆ, ಮುಚ್ಚಿಟ್ಟವ್ನು ಗೆಲ್ತಾನೆ, ಅಲ್ಲಿಗೆ ಪ್ರಾಮಾಣಿಕ ಹುಡುಗ್ರಿಗೆ ನಾವೇ ಅನ್ಯಾಯ ಮಾಡಿದ ಹಾಗೆ. ಅದರ ಬದಲು ಯಾವ ಟೂಲ್ ಬಳಸಿದ್ರಿ, ಎಲ್ಲೆಲ್ಲಿ ಬಳಸಿದ್ರಿ ಅಂತ ಕೋಡ್ ಜೊತೆ ಇಡೋ ರೀಡ್‌ಮಿ ಅನ್ನೋ ವಿವರಣೆ ಫೈಲಲ್ಲಿ ನಾಲ್ಕು ಸಾಲು ಬರೀಲಿ, ಜಡ್ಜ್ ಆ ಕೋಡಲ್ಲಿ ಯಾವುದಾದ್ರೂ ಒಂದು ಫಂಕ್ಷನ್ ತೋರಿಸಿ ಇದೇನ್ಮಾಡತ್ತೆ ಅಂತ ಕೇಳ್ಲಿ. ಉತ್ತರ ಹೇಳೋಕೆ ಬಂದ್ರೆ ಎಐ ಬರೆದಿದ್ರೂ ಅದು ಅವರ ಕೆಲಸಾನೇ ಅಂತ ನಾನು ಮಾರ್ಕ್ಸ್ ಕೊಡ್ತೀನಿ. ಪೇಯ್ಡ್ ಪ್ಲಾನ್ ಇರೋ ಟೀಮಿಗೂ ಫ್ರೀ ಪ್ಲಾನಲ್ಲಿ ಲಿಮಿಟ್ ಮುಗಿದು ಕಾಯ್ತಾ ಕೂತಿರೋ ಟೀಮಿಗೂ ಇರೋ ಅಂತರ ಮಾತ್ರ ನನಗೆ ಇನ್ನೂ ಕೊರೀತಾನೇ ಇದೆ, ಆಯೋಜಕರೇ ಎಲ್ಲರಿಗೂ ಒಂದೇ ಟೂಲ್ ಒಂದೇ ಕೋಟಾ ಕೊಟ್ರೆ ಸ್ವಲ್ಪ ಸರಿಹೋಗಬಹುದು.

ಇನ್ನು ಬೇರೆಯವರ ಕೋಡು. ಕೋಡ್ ಇಟ್ಟು ಹಂಚೋ ಗಿಟ್‌ಹಬ್ ವೆಬ್‌ಸೈಟಲ್ಲಿ ಎಲ್ಲರಿಗೂ ಕಾಣತ್ತೆ ಅಂದ್ರೆ ಎಲ್ಲರೂ ಎತ್ಕೋಬಹುದು ಅಂತ ಅರ್ಥ ಅಲ್ಲ, ಲೈಸೆನ್ಸ್ ಫೈಲ್ ಇಲ್ಲದ ಕೋಡಿಗೆ ಬರೆದವ್ರ ಹಕ್ಕು ಪೂರ್ತಿ ಹಾಗೇ ಇರತ್ತೆ. ಎಂಐಟಿ ಲೈಸೆನ್ಸ್ ಇದ್ರೆ ಬಳಸಬಹುದು, ಆದ್ರೆ ಅವರ ಕಾಪಿರೈಟ್ ಸಾಲನ್ನ ಅಳಿಸೋ ಹಾಗಿಲ್ಲ. ಜಿಪಿಎಲ್ ಅನ್ನೋ ಇನ್ನೊಂದು ಲೈಸೆನ್ಸಿನ ಕೋಡ್ ಸೇರಿಸಿ ಹಂಚಿದ್ರೆ ನಿಮ್ಮದನ್ನೂ ಜಿಪಿಎಲ್‌ನಲ್ಲೇ ಕೊಡ್ಬೇಕಾಗತ್ತೆ. ಮುಕ್ತ ಸಾಫ್ಟ್‌ವೇರ್ ಸಂಸ್ಥೆ ಫಾಸ್ ಯುನೈಟೆಡ್‌ನವ್ರ ಫಾಸ್ ಹ್ಯಾಕ್ ಹ್ಯಾಕಥಾನ್‌ನಲ್ಲಂತೂ ಮುಕ್ತ ಲೈಸೆನ್ಸ್ ಇಲ್ದೆ ಪ್ರಾಜೆಕ್ಟೇ ತಗೊಳ್ಳಲ್ಲ. ಡೇಟಾಗೂ ಇದೇ ಮಾತು. ಕನ್ನಡದ ಮೇಲೆ ಕೆಲಸ ಮಾಡೋ ಟೀಮುಗಳು ಪೇಪರ್‌ಗಳ ವೆಬ್‌ಸೈಟ್‌ನಿಂದ ಸಾವಿರಾರು ಲೇಖನ ಎಳ್ಕೊಂಡು ನಮ್ಮ ಡೇಟಾಸೆಟ್ ಅಂತಾವೆ, ಕೇಳಿದ್ರೆ ಇಂಟರ್ನೆಟ್ಟಲ್ಲಿ ಸಿಕ್ತು ಅಂತಾರೆ. ಕನ್ನಡ ವಿಕಿಪೀಡಿಯಾ ಇದೆ, ಮೂಲ ಹೆಸರಿಸಿ ಅದೇ ಲೈಸೆನ್ಸಲ್ಲಿ ಹಂಚಿದ್ರೆ ಧಾರಾಳವಾಗಿ ಬಳಸಬಹುದು, ಯಾರ ಹಂಗೂ ಇಲ್ಲ.

ಡೇಟಾ ವಿಷಯದಲ್ಲಿ ನಾನು ನೋಡಿದ ಒಂದು ಘಟನೆ ಹೇಳ್ಲೇಬೇಕು. ಒಂದು ಟೀಮು ಐಡಿ ಕಾರ್ಡ್ ಓದಿ ಫಾರಂ ತುಂಬೋ ಸಾಫ್ಟ್‌ವೇರ್ ಮಾಡಿತ್ತು, ಡೆಮೋಗೆ ಪ್ರೊಜೆಕ್ಟರ್ ಮೇಲೆ ಒಂದು ಆಧಾರ್ ಕಾರ್ಡ್ ಬಂತು, ಹೆಸರು, ಮುಖ, ಹನ್ನೆರಡು ಅಂಕಿ, ಊರು, ಮನೆ ನಂಬರ್, ಎಲ್ಲಾ. ಹಾಲಲ್ಲಿ ಇನ್ನೂರು ಜನ, ಹಿಂದೆ ಕೂತವ್ರು ಮೊಬೈಲಲ್ಲಿ ವಿಡಿಯೋ ಮಾಡ್ತಿದಾರೆ. ಯಾರದ್ದಪ್ಪಾ ಇದು ಅಂದ್ರೆ ಟೀಮಿನ ಒಬ್ಬನ ಅಪ್ಪಂದು. ಅವರಿಗೆ ಗೊತ್ತಾ? ಗೊತ್ತಿಲ್ಲ. ಪ್ರೊಜೆಕ್ಟರ್ ಆಫ್ ಮಾಡ್ಸಿದ್ವಿ, ಆದ್ರೆ ವಿಡಿಯೋ ಎಷ್ಟು ಫೋನಲ್ಲಿ ಉಳೀತೋ. ವೈಯಕ್ತಿಕ ಡೇಟಾ ರಕ್ಷಣೆಗೆ 2023ರಲ್ಲೇ ಕಾಯ್ದೆ ಬಂದಿದೆ, ಒಪ್ಪಿಗೆ ಅನ್ನೋದೇ ಅದರ ಬುನಾದಿ. ಸುಳ್ಳು ಹೆಸರು ಸುಳ್ಳು ನಂಬರ್ ಹಾಕಿ ಒಂದು ಡಮ್ಮಿ ಕಾರ್ಡ್ ಮಾಡ್ಕೊಳ್ಳೋಕೆ ಕಾಲು ಗಂಟೆ ಸಾಕಿತ್ತು. ಹಾಗೇ ಹ್ಯಾಕ್ ಅನ್ನೋ ಪದ ಹೆಸರಲ್ಲಿದೆ ಅಂತ ಕಾಲೇಜಿನ ವೈಫೈನೋ ಪಕ್ಕದ ಟೀಮಿನ ಸರ್ವರನ್ನೋ ಕೆದಕಿ ನೋಡೋ ಉತ್ಸಾಹಿಗಳೂ ಇರ್ತಾರೆ. ಅನುಮತಿ ಇಲ್ದೆ ಬೇರೆಯವರ ಸಿಸ್ಟಮ್‌ಗೆ ಕೆಟ್ಟ ಉದ್ದೇಶದಿಂದ ನುಗ್ಗಿದ್ರೆ ಐಟಿ ಕಾಯ್ದೆ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಆಗ್ಬಹುದು, ಹ್ಯಾಕಥಾನ್ ಬ್ಯಾಡ್ಜ್ ಕೊರಳಲ್ಲಿದೆ ಅಂತ ಕಾನೂನು ಬಿಡಲ್ಲ.

ಗೆದ್ದ ಮೇಲೆ ಅದು ಯಾರದ್ದು? ಇದನ್ನ ರಿಜಿಸ್ಟರ್ ಮಾಡೋ ಮುಂಚೆ ಕೇಳ್ಬೇಕು, ಯಾರೂ ಕೇಳಲ್ಲ. ನಮ್ಮಲ್ಲಿ ಕಾಪಿರೈಟ್ ಕಾಯ್ದೆ, 1957 ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಒಂದು ಸಾಹಿತ್ಯ ಕೃತಿ, ಬರೆದವ್ರೇ ಮೊದಲ ಮಾಲೀಕರು. ಅದನ್ನ ಬೇರೆಯವರಿಗೆ ವರ್ಗಾಯಿಸ್ಬೇಕು ಅಂದ್ರೆ ಬರವಣಿಗೆಯಲ್ಲಿ, ಸಹಿ ಹಾಕಿ ಆಗ್ಬೇಕು. ಎಷ್ಟು ಕಾಲಕ್ಕೆ ಅಂತ ಬರೀದೇ ಇದ್ರೆ 5 ವರ್ಷ ಅಂತ, ಎಲ್ಲಿಗೆ ಅಂತ ಬರೀದೇ ಇದ್ರೆ ಭಾರತಕ್ಕೆ ಮಾತ್ರ ಅಂತ ಕಾಯ್ದೆನೇ ಅರ್ಥ ಮಾಡ್ಕೊಳ್ಳತ್ತೆ. ಕಂಪನಿಗಳು ನಡೆಸೋ ಹ್ಯಾಕಥಾನ್‌ಗಳ ಷರತ್ತಲ್ಲಿ ಎರಡು ಥರ ಸಾಲು ಬರತ್ತೆ. ಒಂದು, ಪ್ರಚಾರಕ್ಕೆ ನಿಮ್ಮ ಪ್ರಾಜೆಕ್ಟ್ ಹೆಸರು, ವಿಡಿಯೋ ಬಳಸ್ತೀವಿ ಅನ್ನೋದು, ಅದಕ್ಕೆ ತಕರಾರು ಮಾಡೋ ಅಗತ್ಯ ಇಲ್ಲ. ಇನ್ನೊಂದು, ಸಲ್ಲಿಸಿದ ಎಲ್ಲಾ ಪ್ರಾಜೆಕ್ಟಿನ ಸಕಲ ಹಕ್ಕೂ ಆಯೋಜಕರಿಗೆ ಸೇರತ್ತೆ ಅನ್ನೋದು. ಎಲ್ಲಾ ಅನ್ನೋ ಪದ ಗಮನಿಸಿ, ಗೆದ್ದವ್ರದ್ದಷ್ಟೇ ಅಲ್ಲ, ಸೋತು ಒಂದು ಟೀಶರ್ಟ್ ತಗೊಂಡು ಬಸ್ ಹತ್ತಿದವ್ರದ್ದೂ ಸೇರಿ. ಇಂಥ ಸಾಲು ಇದ್ರೆ ನನ್ನ ಸ್ಟೂಡೆಂಟ್ಸ್‌ಗೆ ಹೋಗ್ಬೇಡಿ ಅಂತಾನೇ ಹೇಳ್ತೀನಿ, ಸಾವಿರ ಮಕ್ಕಳ ಎರಡು ರಾತ್ರಿ ದುಡಿಮೇನ ಒಂದು ಬಹುಮಾನದ ದುಡ್ಡಿಗೆ ಕೊಂಡ್ಕೊಳ್ಳೋದು ಸರಿಯಲ್ಲ. ಪೇಟೆಂಟ್ ಆಸೆ ಇರೋರು ಸ್ಟೇಜ್ ಹತ್ತೋ ಮುಂಚೆ ಒಂದು ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿನಾದ್ರೂ ಹಾಕಿರ್ಲಿ, ಎಲ್ಲರ ಮುಂದೆ ಬಿಚ್ಚಿಟ್ಟ ಮೇಲೆ ಇದು ಹೊಸದು ಅಂತ ಸಾಧಿಸೋದು ತುಂಬಾ ಕಷ್ಟ. ಕೆಲಸದಲ್ಲಿದ್ಕೊಂಡು ವೀಕೆಂಡ್ ಹ್ಯಾಕಥಾನ್‌ಗೆ ಹೋಗೋರು ತಮ್ಮ ಅಪಾಯಿಂಟ್‌ಮೆಂಟ್ ಲೆಟರ್ ಇನ್ನೊಂದ್ಸಲ ಓದ್ಕೊಳ್ಳಿ, ಆಫೀಸ್ ಲ್ಯಾಪ್‌ಟಾಪ್ ಮಾತ್ರ ಮನೇಲೇ ಬಿಟ್ಟು ಹೋಗಿ.

ನಡವಳಿಕೆ ವಿಷಯಕ್ಕೆ ಬರ್ತೀನಿ, ನನಗೆ ಜಾಸ್ತಿ ಹೇಳೋಕಿರೋದು ಇಲ್ಲೇ. 2013ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟೆಕ್‌ಕ್ರಂಚ್ ಅನ್ನೋ ಟೆಕ್ ಸುದ್ದಿ ವೆಬ್‌ಸೈಟ್ ನಡೆಸಿದ ಡಿಸ್ರಪ್ಟ್ ಹ್ಯಾಕಥಾನ್‌ನಲ್ಲಿ ಇಬ್ಬರು ಸ್ಟೇಜ್ ಮೇಲೆ ಬಂದು ಹೆಂಗಸರ ಎದೆ ನೋಡ್ತಾ ನಿಂತ ಗಂಡಸರ ಫೋಟೋ ಹಂಚೋ ಆ್ಯಪ್ ಅಂತ ತೋರಿಸಿದ್ರು. ಅದೇ ದಿನ ಅದೇ ಸ್ಟೇಜಲ್ಲಿ ತನ್ನ ಆ್ಯಪ್ ತೋರಿಸೋಕೆ ಬಂದಿದ್ದ ಒಂಬತ್ತು ವರ್ಷದ ಹುಡುಗೀನೂ ಇದ್ಲು. ಟೆಕ್‌ಕ್ರಂಚ್ ಕ್ಷಮೆ ಕೇಳ್ತು, ಮುಂದೆ ಪ್ರತಿ ಪ್ರೆಸೆಂಟೇಷನ್ನೂ ಮೊದಲೇ ನೋಡ್ತೀವಿ ಅಂತು. ಕಿರುಕುಳ ಸಹಿಸಲ್ಲ, ಲಿಂಗ, ಜಾತಿ, ಧರ್ಮ, ಮೈಬಣ್ಣದ ಮೇಲೆ ಮಾತಾಡಂಗಿಲ್ಲ, ಕೇಳ್ದೆ ಫೋಟೋ ತೆಗೆಯಂಗಿಲ್ಲ ಅನ್ನೋ ಕೋಡ್ ಆಫ್ ಕಂಡಕ್ಟ್ ಯಾಕೆ ಬೇಕು ಅಂತ ಯಾರಾದ್ರೂ ಕೇಳಿದ್ರೆ ನಾನು ಆ ಹುಡುಗಿ ವಿಷಯ ಹೇಳ್ತೀನಿ.

ನಮ್ಮಲ್ಲಿ ಅಷ್ಟು ಢಾಳಾಗಿ ನಡೆಯೋದು ಕಮ್ಮಿ, ಸದ್ದಿಲ್ದೆ ನಡೆಯೋದು ಜಾಸ್ತಿ. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಟೀಮಿನ ಆರು ಜನರಲ್ಲಿ ಒಬ್ಬಳಾದ್ರೂ ಹುಡುಗಿ ಇರ್ಲೇಬೇಕು ಅಂತ ರೂಲ್ ಇದೆ, ಒಳ್ಳೇ ರೂಲು, ಅದರಿಂದಾನೇ ಎಷ್ಟೋ ಹುಡುಗೀರು ಮೊದಲ ಸಲ ಬೇರೆ ರಾಜ್ಯಕ್ಕೆ ಹೋಗಿ ಬಂದಿದಾರೆ. ಆದ್ರೆ ಟೀಮ್ ಒಳಗೆ ಏನಾಗತ್ತೆ ಅಂತ ಜಡ್ಜ್ ಟೇಬಲ್ಲಿಂದ ಕಾಣತ್ತೆ. ಒಂದು ಟೀಮಲ್ಲಿ ಐದು ಹುಡುಗರು ಮುಂದೆ, ಒಬ್ಬಳು ಹುಡುಗಿ ಹಿಂದೆ ಗೋಡೆಗೆ ಒರಗಿ ನಿಂತಿದಾಳೆ, "ಇವಳು ಪಿಪಿಟಿ ಮೇಡಂ" ಅಂತ ಪರಿಚಯ ಮಾಡಿಸಿದ್ರು. ಡೇಟಾಬೇಸ್ ಬಗ್ಗೆ ಒಂದು ಪ್ರಶ್ನೆ ಕೇಳಿದೆ, ಲೀಡರ್ ಏನೋ ಹೇಳೋಕೆ ಹೋಗಿ ತಪ್ಪು ಹೇಳ್ದ, ಹಿಂದಿನಿಂದ ಅವಳು ಮೆಲ್ಲಗೆ "ಅದು ಆ ಟೇಬಲ್ ಅಲ್ಲ, ಇಂಡೆಕ್ಸ್ ಇರೋದು ಇನ್ನೊಂದ್ರಲ್ಲಿ" ಅಂದ್ಲು. ಕಮಿಟ್ ನೋಡಿದ್ರೆ ಡೇಟಾಬೇಸಿನ ಪೂರ್ತಿ ಕೆಲಸ ಅವಳ ಹೆಸರಲ್ಲೇ ಇತ್ತು, ಬಹುತೇಕ ರಾತ್ರಿ ಎರಡರಿಂದ ಐದರೊಳಗೆ ಮಾಡಿದ್ದು. ಅವತ್ತಿಂದ ನಾನು ಜಡ್ಜ್ ಆಗೋ ಕಡೆ ಪ್ರತಿಯೊಬ್ಬರೂ ತಾವು ಮಾಡಿದ್ದನ್ನ ತಾವೇ ಒಂದೊಂದು ನಿಮಿಷ ಹೇಳ್ಬೇಕು ಅಂತ ರೂಲ್ ಹಾಕ್ಸಿದೀನಿ. ಅಷ್ಟಕ್ಕೇ ಟೀಮುಗಳು ನಿಲ್ಲೋ ರೀತಿನೇ ಬದಲಾಗತ್ತೆ.

ದೂರು ಯಾರಿಗೆ ಕೊಡ್ಬೇಕು ಅನ್ನೋದು ಇನ್ನೊಂದು. ನಮಗೆ ದೂರಿದ್ರೆ ಸಂಪರ್ಕಿಸಿ ಅಂತ ಒಂದು ಇಮೇಲ್ ಐಡಿ ಹಾಕಿರ್ತಾರೆ. ರಾತ್ರಿ ಮೂರು ಗಂಟೆಗೆ ಯಾರೋ ಕುಡಿದು ಬಂದು ಪಕ್ಕದಲ್ಲಿ ಕೂತ್ರೆ ಇಮೇಲ್ ಮಾಡ್ಕೊಂಡು ಕೂರೋಕಾಗತ್ತಾ? ಇಬ್ಬರ ಹೆಸರು, ಫೋನ್ ನಂಬರ್, ಅವ್ರಲ್ಲಿ ಒಬ್ಬರು ಹೆಂಗಸು, ಹಾಲ್ ಬಾಗಿಲಿಗೆ ದೊಡ್ಡದಾಗಿ ಅಂಟಿಸಿರ್ಬೇಕು, ಆ ಇಬ್ಬರಲ್ಲಿ ಒಬ್ಬರು ಎಚ್ಚರ ಇರ್ಬೇಕು. ಕಾಲೇಜುಗಳಲ್ಲಿ ಆಂತರಿಕ ದೂರು ಸಮಿತಿ ಹೇಗಿದ್ರೂ ಇರ್ಲೇಬೇಕು, ಆ ಸಮಿತಿಗೆ ಹ್ಯಾಕಥಾನ್ ನಡೀತಿದೆ ಅಂತ ಮೊದಲೇ ತಿಳಿಸಿರ್ಬೇಕು. ಹುಡುಗೀರಿಗೆ ಮಲಗೋಕೆ ಬೀಗ ಹಾಕೋ ರೂಮು, ಹತ್ತಿರದಲ್ಲೇ ಟಾಯ್ಲೆಟ್ಟು, ಇದನ್ನ ಸೌಕರ್ಯ ಅಂತ ಬರೀತಾರೆ, ನಾನಿದನ್ನ ರೂಲ್ ಅಂತೀನಿ, ಇದಿಲ್ದೆ ಇದ್ರೆ ಮನೇಲಿ ಕಳಿಸಲ್ಲ, ಕಳಿಸದೇ ಇದ್ರೆ ಸ್ಪರ್ಧೆ ಎಲ್ಲರಿಗೂ ಅಂತ ಪೋಸ್ಟರಲ್ಲಿ ಬರೆದು ಉಪಯೋಗ ಇಲ್ಲ. ಮತ್ತೆ 36 ಗಂಟೆ ಎಚ್ಚರ ಇದ್ದ ಹುಡುಗರು ಬಹುಮಾನ ಸಮಾರಂಭ ಮುಗಿಸ್ಕೊಂಡು ರಾತ್ರಿ ಬೈಕ್ ಹತ್ತಿ ಹೊರಡೋದು ನೋಡಿದ್ರೆ ಎದೆ ಧಸಕ್ ಅನ್ನತ್ತೆ, ದಯವಿಟ್ಟು ಆ ರಾತ್ರಿ ಹಾಸ್ಟೆಲ್‌ನಲ್ಲಿ ನಾಲ್ಕು ಹಾಸಿಗೆ ಕೊಡಿ.

ಆಯೋಜಕರು ತಮಗೆ ತಾವೇ ಹಾಕ್ಕೋಬೇಕಾದ ರೂಲ್ಸ್ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಮಾರ್ಕ್ಸ್ ಯಾವುದಕ್ಕೆ ಎಷ್ಟು ಅಂತ ಮೊದಲೇ ಹೇಳ್ಬೇಕು, ತನ್ನ ಕ್ಲಾಸಿನ ಟೀಮಿಗೆ ಮೆಂಟರ್ ಆಗಿದ್ದವ್ರು ಆ ಟೀಮಿಗೆ ಜಡ್ಜ್ ಆಗಿ ಕೂರಬಾರ್ದು, ಬಹುಮಾನದ ದುಡ್ಡು ಯಾವ ತಾರೀಖಿನೊಳಗೆ, ಟಿಡಿಎಸ್ ಹಿಡಿದು ಕೈಗೆ ಎಷ್ಟು ಬರತ್ತೆ ಅಂತ ಪೋಸ್ಟರಲ್ಲೇ ಬರೀಬೇಕು. ದೊಡ್ಡ ಚೆಕ್ ಹಿಡಿದು ಫೋಟೋ ತೆಗೆಸ್ಕೊಂಡು ಆರು ತಿಂಗಳಾದ್ರೂ ದುಡ್ಡು ಬರದೆ ಫೋನ್ ಮಾಡ್ತಾ ಇರೋ ಹುಡುಗರು ನನಗೆ ಗೊತ್ತು. ರೂಲ್ಸ್ ಒಂದೇ ಪುಟದಲ್ಲಿ, ಸಾಧ್ಯ ಆದ್ರೆ ಕನ್ನಡದಲ್ಲೂ ಇರ್ಲಿ, ಉದ್ಘಾಟನೆ ದಿನ ಅತಿಥಿಗಳ ಭಾಷಣಕ್ಕೆ ಕೊಡೋ ಟೈಮಲ್ಲಿ ಐದು ನಿಮಿಷ ತೆಗೆದು ಯಾರಾದ್ರೂ ಅದನ್ನ ಮೈಕಲ್ಲಿ ಓದಿ ಹೇಳ್ಲಿ.

ಅಡಿಕೆ ಆ್ಯಪ್ ಟೀಮಿನ ವಿಷಯಕ್ಕೆ ಬಂದ್ರೆ, ಅವತ್ತು ಜಡ್ಜ್‌ಗಳು ಮುಕ್ಕಾಲು ಗಂಟೆ ವಾದ ಮಾಡಿದ್ವಿ. ಪೂರ್ತಿ ಹೊರಗಿಡೋಣ ಅಂತ ಇಬ್ಬರು, ಬಹುಮಾನಕ್ಕೆ ಪರಿಗಣಿಸೋದು ಬೇಡ, ಡೆಮೋ ಮಾತ್ರ ಎಲ್ಲರ ಮುಂದೆ ಕೊಡ್ಲಿ ಅಂತ ನಾನು, ಇನ್ನೊಬ್ಬರು. ಕೊನೆಗೆ ಡೆಮೋ ಕೊಟ್ರು, ಮೊದಲ ಸಾಲಲ್ಲೇ ಲೀಡರ್ ಹುಡುಗ "ಇದು ನಮ್ಮ ಹಳೇ ಪ್ರಾಜೆಕ್ಟು, ಇಲ್ಲಿ ಮಾಡಿದ್ದು ವಾಯ್ಸ್ ಭಾಗ ಒಂದೇ" ಅಂತ ಹೇಳ್ದ. ಈ ವರ್ಷ ಅದೇ ಹುಡುಗರು ಬೇರೆ ಕಡೆಯ ಹ್ಯಾಕಥಾನ್‌ಗೆ ಹೋಗೋ ಮುಂಚೆ ನನಗೊಂದು ಲಿಂಕ್ ಕಳಿಸಿದ್ರು. ಖಾಲಿ ರೆಪೊಸಿಟರಿ (ಪ್ರಾಜೆಕ್ಟಿನ ಕೋಡ್ ಇಡೋ ಜಾಗ), ಒಳಗೆ ರೀಡ್‌ಮಿ ಫೈಲ್ ಮಾತ್ರ, ಅದರಲ್ಲಿ ಮೂರು ಹೆಡ್ಡಿಂಗು: ಮೊದಲೇ ಇದ್ದದ್ದು, ಎಐ ಮಾಡಿದ್ದು, ನಾವು ಮಾಡಿದ್ದು. ಮೂರರ ಕೆಳಗೂ ಇನ್ನೂ ಏನೂ ಬರೆದಿರ್ಲಿಲ್ಲ, ಕೆಳಗೆ ಒಂದು ಪ್ರಶ್ನೆ ಇತ್ತು, "ಮೇಡಂ, ಹಳೇ ಎಲೆ ಫೋಟೋಗಳು ಮೊದಲೇ ಇದ್ದದ್ದಕ್ಕೆ ಬರತ್ತಾ?" ಬರತ್ತೆ ಅಂತ ಉತ್ತರ ಬರೆದೆ, ಆ ಫೋಟೋಗಳು ಯಾರ ತೋಟದ್ದು ಅನ್ನೋದನ್ನೂ ಹಾಕಿ ಅಂದೆ.